ಋಣಸಂಖ್ಯೆಯಾದ ಅಕ್ಷರ: ನನ್ನ ಅನುಭವ

ಕಡತದಲ್ಲಿ ಯಾವ ಬೈಟ್ (ಎಂಟು ಬಿಟ್‌ಗಳ, 0ರಿಂದ 255ರವರೆಗಿನ ಸಂಖ್ಯೆ) ಎಷ್ಟು ಬಾರಿ ಬಂದಿದೆಯೆಂದು ಎಣಿಸಲು ಸಿ ಭಾಷೆಯಲ್ಲಿ ನಾನು ಬರೆದಿದ್ದ ಪ್ರೋಗ್ರಾಂ, ಇಂಗ್ಲಿಷ್ ಪಠ್ಯಕ್ಕೆ ಸರಿಯಾಗಿ ಓಡುತ್ತಿದ್ದರೂ ಕನ್ನಡ ಪಠ್ಯ ಕೊಟ್ಟೊಡನೆ ತಪ್ಪು ಲೆಕ್ಕ ತೋರಿಸುತ್ತಿತ್ತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಎಂದರೆ 224, 178, 149 ಎಂಬ ಮೂರು ಬೈಟ್‌ಗಳು. ನನ್ನ ಎಕ್ಸ್86 (ಇಂಟೆಲ್ ಮಾದರಿಯ ಪ್ರೊಸೆಸರಿನ) ಯಂತ್ರದ ಕಂಪೈಲರ್, ಅಂದರೆ ಪ್ರೋಗ್ರಾಮನ್ನು ಯಂತ್ರಭಾಷೆಗೆ ತರುವ ತಂತ್ರಾಂಶ, ಒಂದು ಬೈಟನ್ನು ಹಿಡಿಯುವ ‘ಚಾರ್’ ಎಂಬ ವಿಧವನ್ನು ಚಿಹ್ನೆಸಹಿತ (ಋಣವೂ ಆಗಬಲ್ಲ) ಸಂಖ್ಯೆಯೆಂದು ಪರಿಗಣಿಸುವುದರಿಂದ 224 ಎಂಬುದು -32 ಆಗಿ, ಅದನ್ನೇ ಸೂಚ್ಯಂಕವಾಗಿ (ಮನೆಯ ಸಂಖ್ಯೆಯಾಗಿ) ಬಳಸುತ್ತಿದ್ದ ಪ್ರೋಗ್ರಾಂ ಎಣಿಕೆಗಳನ್ನಿಡುವ 256 ಮನೆಗಳ ಅರೇಯ (ಸಾಲಿನ) ಹೊರಗೆ ಬರೆಯುತ್ತಿತ್ತು. ಇದರ ಬೇರು ಸಿ ಭಾಷೆ ರೂಪುಗೊಂಡ ಪಿಡಿಪಿ-11 ಯಂತ್ರದಲ್ಲಿದೆ: ಬೈಟನ್ನು ರಿಜಿಸ್ಟರಿಗೆ (ಪ್ರೊಸೆಸರಿನೊಳಗಿನ ಶೇಖರಣಾ ಜಾಗಕ್ಕೆ) ತರುವಾಗ ಆ ಯಂತ್ರ ಚಿಹ್ನೆಯನ್ನೂ ವಿಸ್ತರಿಸುತ್ತಿತ್ತು, ಅಂದರೆ 127ಕ್ಕಿಂತ ದೊಡ್ಡ ಬೈಟನ್ನು ಋಣಸಂಖ್ಯೆಯಾಗಿಸುತ್ತಿತ್ತು; ಇಂಗ್ಲಿಷ್ ಅಕ್ಷರಗಳ, ಏಳೇ ಬಿಟ್‌ಗಳ ಆಸ್ಕಿ ಸಂಕೇತಗಳಿಗೆ ಅದರಿಂದ ಬಾಧೆಯಿರಲಿಲ್ಲ. ಸಿ ಭಾಷೆಯ 1989ರ ಮಾನಕವೂ ‘ಚಾರ್’ ಚಿಹ್ನೆಸಹಿತವೋ ಅಲ್ಲವೋ ಎಂಬ ನಿರ್ಧಾರವನ್ನು ಕಂಪೈಲರಿಗೇ ಬಿಟ್ಟಿತು (ಅದೇ ಪ್ರೋಗ್ರಾಂ, ‘ಚಾರ್’ ಚಿಹ್ನೆರಹಿತವಾಗಿರುವ ಆರ್ಮ್ ಪ್ರೊಸೆಸರಿನ ಲಿನಕ್ಸಿನಲ್ಲಿ ತಕರಾರಿಲ್ಲದೆ ಓಡಿ ನನ್ನನ್ನು ದಾರಿತಪ್ಪಿಸಿದ್ದು ಇದರಿಂದಲೇ). ಸೂಚ್ಯಂಕವನ್ನು ‘ಅನ್‌ಸೈನ್ಡ್ ಚಾರ್’ (ಚಿಹ್ನೆರಹಿತ ಚಾರ್) ಆಗಿ ಬದಲಿಸಿದ ಮೇಲೆ ಲೆಕ್ಕ ಸರಿಬಂತು. ಒಂದೊಂದೇ ಬೈಟನ್ನು ಓದಿಕೊಡುವ ಗೆಟ್‌ಚಾರ್ ಫಂಕ್ಷನ್ನಿನ ಬೆಲೆಯನ್ನು ಮಾತ್ರ ‘ಇಂಟ್’ ಎಂಬ ದೊಡ್ಡ ಪೂರ್ಣಾಂಕ ವಿಧದಲ್ಲಿಯೇ ಇಟ್ಟುಕೊಂಡೆ, ಇಲ್ಲವಾದರೆ ಕಡತದ ಕೊನೆಯನ್ನು ಸೂಚಿಸುವ -1 ಎಂಬುದು 255 ಆಗಿ ಲೂಪ್ ನಿಲ್ಲುವುದೇ ಇಲ್ಲ.