ಹಳೆಯ ಸೀಸದ ಸಿಪಾಯಿಗಳನ್ನು ಮತ್ತೆ ಕಣಕ್ಕಿಳಿಸುವ ಬಗೆ

ಇತಿಹಾಸದ ಕದನಗಳನ್ನು ಮೇಜಿನ ಮೇಲೆ ಆಡುವ ಯುದ್ಧಕ್ರೀಡೆಯಲ್ಲಿ ಈಗ ಪ್ಲಾಸ್ಟಿಕ್ ಗೊಂಬೆಗಳ ಭರಾಟೆ ಹೆಚ್ಚು. ಆದರೂ 1970ರ ದಶಕದಲ್ಲಿ ಸೌತಾಂಪ್ಟನ್ನಿನ ಮಿನಿಫಿಗ್ಸ್, ಯಾರ್ಕ್‌ಶೈರಿನ ಹಿಂಚ್ಲಿಫ್ ಮೊದಲಾದ ಇಂಗ್ಲಿಷ್ ತಯಾರಕರು ಎರಕ ಹೊಯ್ದ 25 ಮಿ.ಮೀ. ಲೋಹದ ಸಿಪಾಯಿಗಳು ಹಳೆಯ ಸಂಗ್ರಹಗಳು ಕೈ ಬದಲಿಸಿದಾಗಲೆಲ್ಲ ಹೊಸ ಆಟಗಾರರ ಪಾಲಿಗೆ ಬರುತ್ತಲೇ ಇರುತ್ತವೆ. ಅವು ಬರುವ ಸ್ಥಿತಿ ಮಾತ್ರ ಸಾಮಾನ್ಯವಾಗಿ ಚೆನ್ನಾಗಿರುವುದಿಲ್ಲ: ಬಯೋನೆಟ್‌ಗಳು ಬಾಗಿರುತ್ತವೆ, ಬಣ್ಣ ಚಕ್ಕೆಯೆದ್ದಿರುತ್ತದೆ, ಕೆಲವೊಮ್ಮೆ ಪಾದದ ಬಳಿ ಬಿಳಿಯ ಪುಡಿ ಕಟ್ಟಿರುತ್ತದೆ. ವಾಟರ್ಲೂ ಕದನದ ಬ್ರಿಟಿಷ್ ಪದಾತಿಗಳ ಒಂದು ಪೆಟ್ಟಿಗೆ ಕೈಗೆ ಬಂದಿದೆ ಎಂದಿಟ್ಟುಕೊಂಡು, ಅವನ್ನು ಆಟಕ್ಕೆ ಅಣಿಗೊಳಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಈ ಗೊಂಬೆಗಳ ಲೋಹ ಸೀಸ, ತವರ ಮತ್ತು ಆಂಟಿಮನಿಗಳ ಮಿಶ್ರಣವಾಗಿದ್ದು, ಹಳೆಯ ಎರಕಗಳಲ್ಲಿ ಸೀಸದ ಪಾಲೇ ಹೆಚ್ಚು. ಮುಟ್ಟಿದ ಮಾತ್ರಕ್ಕೆ ಅಪಾಯವಿಲ್ಲ. ಅಪಾಯವಿರುವುದು ಅದರ ಧೂಳಿನಲ್ಲಿ. ಆದ್ದರಿಂದ ಅರ ಹಾಕುವಾಗಲೂ ಉಜ್ಜುವಾಗಲೂ ಗೊಂಬೆ ಒದ್ದೆಯಾಗಿರಬೇಕು, ಮುಖಕ್ಕೆ ಒಳ್ಳೆಯ ಮಾಸ್ಕ್ ಇರಬೇಕು, ಕೆಲಸದ ಮೇಜಿನ ಮೇಲೆ ಕಾಫಿ ಲೋಟಕ್ಕೆ ಜಾಗ ಇರಬಾರದು. ಚಿಕ್ಕ ಮಕ್ಕಳೂ ಗರ್ಭಿಣಿಯರೂ ಇರುವ ಮನೆಯಲ್ಲಿ ಈ ಕೆಲಸವನ್ನು ಅಡುಗೆಮನೆಯಿಂದ ದೂರವಿಟ್ಟು, ಕೊನೆಗೆ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೈಯನ್ನು ಸೋಪು ಹಾಕಿ ತೊಳೆಯುವುದು ಕಡ್ಡಾಯ.

ಮೊದಲು ಮಾಡಬೇಕಾದದ್ದು ನೋಡುವ ಕೆಲಸ. ಪೆಟ್ಟಿಗೆ ಕೈಗೆ ಬಂದ ತಕ್ಷಣ ಎಲ್ಲವನ್ನೂ ಬಣ್ಣ ಕರಗಿಸುವ ದ್ರವದಲ್ಲಿ ಮುಳುಗಿಸುವ ಅಭ್ಯಾಸ ಹಲವರಿಗಿದೆ. ನನ್ನ ದೃಷ್ಟಿಯಲ್ಲಿ ಅದು ಅವಸರದ ಕೆಲಸ. ಅರ್ಧ ಶತಮಾನದ ಹಿಂದೆ ಯಾರೋ ಸಣ್ಣ ಕುಂಚದಿಂದ ಶ್ರದ್ಧೆಯಾಗಿ ಹಚ್ಚಿದ ಎನಾಮೆಲ್ ಬಣ್ಣ ಗಟ್ಟಿಯಾಗಿದ್ದರೆ, ಮೆದುವಾದ ಕುಂಚದಿಂದ ಧೂಳು ತೆಗೆದು, ಎದ್ದ ಜಾಗಗಳಿಗೆ ಮಾತ್ರ ಬಣ್ಣ ಮುಟ್ಟಿಸಿ, ಮೇಲೊಂದು ಪದರ ವಾರ್ನಿಷ್ ಕೊಟ್ಟರೆ ಸಾಕಾಗುತ್ತದೆ. ಬಣ್ಣ ದಪ್ಪಗೆ ಕೂತು ಮುಖದ ಗೆರೆಗಳನ್ನೇ ಮುಚ್ಚಿಬಿಟ್ಟಿದ್ದರೆ ಅಥವಾ ಒಳಗಿನ ಲೋಹ ಕೆಟ್ಟಿದ್ದರೆ ಮಾತ್ರ ಪೂರ್ತಿ ತೆಗೆಯುವುದು ಉಚಿತ.

ಲೋಹ ಕೆಟ್ಟಿದೆಯೇ ಎಂಬುದನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಸೀಸದ ಮೈ ಕಪ್ಪು ಬೂದು ಬಣ್ಣಕ್ಕೆ ತಿರುಗಿದ್ದರೆ ಆತಂಕವಿಲ್ಲ. ಆ ತೆಳು ಪದರವೇ ಲೋಹವನ್ನು ಕಾಯುತ್ತದೆ. ಆದರೆ ಬಣ್ಣದ ಬಿರುಕುಗಳಿಂದ, ಹೆಚ್ಚಾಗಿ ಕಣಕಾಲು, ಬಯೋನೆಟ್ ಮತ್ತು ಪೀಠದ ಅಡಿಯಿಂದ, ಬಿಳಿಯ ಒರಟು ಪುಡಿ ಹೂವಿನಂತೆ ಉಬ್ಬಿ ಬಂದಿದ್ದರೆ ಅದು ಸೀಸದ ಕಾರ್ಬೊನೇಟ್. ಯುದ್ಧಕ್ರೀಡೆಯವರು ಇದನ್ನೇ ಸೀಸದ ಕೊಳೆರೋಗ ಎನ್ನುತ್ತಾರೆ, ಆದರೆ ಇದು ಒಂದರಿಂದ ಇನ್ನೊಂದಕ್ಕೆ ಅಂಟುವ ರೋಗವಲ್ಲ. ಗೊಂಬೆಗಳನ್ನಿಟ್ಟ ಜಾಗದ ಗಾಳಿಯಲ್ಲಿ ಅಸಿಟಿಕ್ ಆಮ್ಲದಂಥ (ವಿನೆಗರಿನಲ್ಲಿರುವ ಹುಳಿ ಇದೇ) ಆವಿ ಸೇರಿದಾಗ ತೇವ ಮತ್ತು ಇಂಗಾಲದ ಡೈ ಆಕ್ಸೈಡ್‌ಗಳ ಜೊತೆಗೂಡಿ ಲೋಹವನ್ನು ತಿನ್ನುತ್ತ ಹೋಗುತ್ತದೆ. ಓಕ್ ಮರದ ಕಪಾಟುಗಳು ಈ ವಿಷಯದಲ್ಲಿ ಕುಖ್ಯಾತವಾಗಿವೆ. ಎಂಡಿಎಫ್ ಹಲಗೆ, ಅಗ್ಗದ ರಟ್ಟು, ವಿನೆಗರ್ ವಾಸನೆ ಬರುವ ಸಿಲಿಕೋನ್ ಸೀಲಂಟ್‌ಗಳೂ ಅದೇ ಸಾಲಿಗೆ ಸೇರುತ್ತವೆ.

ಇದರಿಂದಲೇ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ಬೆಳಗುವ ರೂಢಿ ಇರುವುದರಿಂದ, ಮಂಕಾದ ಲೋಹ ಕಂಡರೆ ಕೈ ತಾನಾಗಿ ಹುಳಿಯ ಕಡೆಗೆ ಹೋಗುತ್ತದೆ. ಸೀಸಕ್ಕೆ ಹುಣಸೆ, ನಿಂಬೆ, ವಿನೆಗರ್ ಯಾವುದನ್ನೂ ಮುಟ್ಟಿಸಕೂಡದು. ಬಿಳಿ ಪುಡಿಯನ್ನು ಒಣಗಿದ್ದಾಗ ಊದುವುದಾಗಲಿ ಕೆರೆಯುವುದಾಗಲಿ ಸಲ್ಲ. ಹನಿ ನೀರು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗಟ್ಟಿ ಲೋಹ ಸಿಗುವವರೆಗೆ ಮೆಲ್ಲಗೆ ತೆಗೆದು, ಒರೆಸಿದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಗೊಂಬೆಯನ್ನು ನೀರಿನಲ್ಲಿ ಗಂಟೆಗಟ್ಟಲೆ ನೆನೆಹಾಕದೆ, ಬೇಗ ತೊಳೆದು ಕೂಡಲೇ ಒರೆಸಿ ಒಣಗಿಸಬೇಕು. ಕಣಕಾಲು ಬೆರಳಿನೊತ್ತಡಕ್ಕೇ ಪುಡಿಯಾಗುವಷ್ಟು ಕೆಟ್ಟಿದ್ದರೆ ಆ ಸಿಪಾಯಿಯನ್ನು ಬಿಟ್ಟುಕೊಡುವುದೇ ಸರಿ.

ಬಣ್ಣ ತೆಗೆಯಲೇಬೇಕಾದಲ್ಲಿ, ಅದು ಯಾವ ಬಗೆಯದೆಂದು ತಿಳಿಯಲು ಹತ್ತಿಯ ಕಡ್ಡಿಗೆ ಸರ್ಜಿಕಲ್ ಸ್ಪಿರಿಟ್ ಹಚ್ಚಿ ಪೀಠದ ಮೂಲೆಯೊಂದನ್ನು ಉಜ್ಜಿ ನೋಡಬಹುದು. ಅಕ್ರಿಲಿಕ್ ಆಗಿದ್ದರೆ ಮೆತ್ತಗಾಗಿ ಹತ್ತಿಗೆ ಹತ್ತುತ್ತದೆ, ಹಳೆಯ ಎನಾಮೆಲ್ ಸುಲಭಕ್ಕೆ ಜಗ್ಗುವುದಿಲ್ಲ. ಎರಡಕ್ಕೂ ಆಗಿಬರುವ ಪದಾರ್ಥ ನಮ್ಮಲ್ಲಿ ಎಲ್ಲ ಔಷಧಿ ಅಂಗಡಿಗಳಲ್ಲೂ ಸಿಗುವ ಡೆಟಾಲ್. ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ, ನೀರು ಬೆರೆಸದ ಡೆಟಾಲಿನಲ್ಲಿ ಗೊಂಬೆಗಳನ್ನು ಒಂದು ದಿನ ಮುಳುಗಿಸಿಟ್ಟು, ಕೈಗವಸು ಹಾಕಿಕೊಂಡು ಬ್ರಷ್ಷಿನಿಂದ ಉಜ್ಜಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ಕರಗಿದ ಬಣ್ಣದ ಮೇಲೆ ನೇರವಾಗಿ ನಲ್ಲಿ ನೀರು ಬಿಟ್ಟರೆ ಅದು ಅಂಟಂಟಾದ ಮುದ್ದೆಯಾಗಿ ಪ್ರತಿ ಮಡಿಕೆಯಲ್ಲೂ ಹಿಡಿದುಕೊಳ್ಳುತ್ತದೆ. ಆದ್ದರಿಂದ ಮೊದಲ ತೊಳೆತವೂ ಹೊಸ ಡೆಟಾಲಿನಲ್ಲೇ ಆಗಬೇಕು, ಬಣ್ಣವೆಲ್ಲ ಹೋದ ಮೇಲೆ ಪಾತ್ರೆ ತೊಳೆಯುವ ದ್ರವ, ಕೊನೆಗೆ ನೀರು. ಹಟಮಾರಿ ಬಣ್ಣಕ್ಕೆ ಅಸಿಟೋನ್ ಬಳಸಬಹುದಾದರೂ ಅದು ಬೇಗ ಹೊತ್ತಿಕೊಳ್ಳುವುದರಿಂದ ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಇಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಬಿಡಿಭಾಗವಿದ್ದರೆ ಅದೂ ಕರಗಿಹೋಗುತ್ತದೆ. ಕಾಸ್ಟಿಕ್ ಸೋಡಾ ಮಾತ್ರ ಬೇಡ. ಅದು ಚರ್ಮವನ್ನು ಸುಡುವುದರ ಜೊತೆಗೆ ಸೀಸ, ತವರ ಎರಡನ್ನೂ ತಿನ್ನುತ್ತದೆ.

ಬಾಗಿದ ಬಂದೂಕನ್ನು ನೆಟ್ಟಗೆ ಮಾಡುವಾಗ ಹಲ್ಲಿರುವ ಇಕ್ಕಳ ಬಳಸಿದರೆ ಗುರುತು ಉಳಿಯುತ್ತದೆ. ಬೆರಳುಗಳಿಂದಲೋ ಎರಡು ಮರದ ಕಡ್ಡಿಗಳ ನಡುವೆ ಹಿಡಿದೋ ಒಂದೇ ನಿಧಾನವಾದ ಒತ್ತಡದಲ್ಲಿ ಸರಿಪಡಿಸಬೇಕು. ಹಿಂದಕ್ಕೆ ಮುಂದಕ್ಕೆ ಆಡಿಸಿದರೆ ಲೋಹ ದಣಿದು ಮುರಿಯುತ್ತದೆ. ಮುರಿದ ಕಣಕಾಲಿಗೆ ಫೆವಿಕ್ವಿಕ್ ಒಂದನ್ನೇ ನಂಬುವಂತಿಲ್ಲ, ಏಕೆಂದರೆ ಆ ಅಂಟು ಪಕ್ಕದಿಂದ ಬೀಳುವ ಏಟನ್ನು ತಡೆಯುವುದಿಲ್ಲ. ಎರಡೂ ತುದಿಗಳಲ್ಲಿ ಸೂಜಿಯಿಂದ ನಡುವನ್ನು ಗುರುತಿಸಿ, ಕೈಯಿಂದ ತಿರುಗಿಸುವ ಸಣ್ಣ ಡ್ರಿಲ್ಲಿನಲ್ಲಿ ಅರ್ಧ ಮಿ.ಮೀ. ತೂತು ಕೊರೆದು, ಅಷ್ಟೇ ದಪ್ಪದ ಹಿತ್ತಾಳೆ ತಂತಿಯ ತುಂಡನ್ನು ಒಳಗೆ ಸೇರಿಸಿ ಅಂಟಿಸಬೇಕು. ಸೀಸ ಮೆದುವಾದ್ದರಿಂದ ಡ್ರಿಲ್ಲಿನ ಸುರುಳಿಗೆ ಮೆತ್ತಿಕೊಳ್ಳುತ್ತದೆ. ನಾಲ್ಕು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ, ತುದಿಗೆ ಮೇಣ ಸವರಿಕೊಂಡರೆ ಕೆಲಸ ಹಗುರಾಗುತ್ತದೆ. ಬೆಸುಗೆ ಹಾಕಲು ಮಾತ್ರ ಹೋಗಬಾರದು: ಶುದ್ಧ ಸೀಸ ಕರಗುವುದೇ 327 ಡಿಗ್ರಿಯಲ್ಲಿ, ತವರ ಬೆರೆತಾಗ ಅದಕ್ಕಿಂತಲೂ ಕಡಿಮೆ ಶಾಖ ಸಾಕು, ಬೆಸುಗೆ ಕಡ್ಡಿ ಮುಟ್ಟಿದೊಡನೆ ಸಿಪಾಯಿಯೇ ಹನಿಯಾಗಿ ಇಳಿದುಬಿಡಬಹುದು. ಪೀಠದ ಗುಳಿಗಳಿಗೆ ಎಂ-ಸೀಲ್ ಆದೀತು, ಮುಖ ಮತ್ತು ಉಡುಪಿನ ಕೆಲಸಕ್ಕೆ ನಯವಾದ ಎಪಾಕ್ಸಿ ಪುಟ್ಟಿ ಬೇಕು.

ಪ್ರೈಮರ್ ತೆಳ್ಳಗಿರಲಿ. ಹಳೆಯ ಎರಕಗಳ ಉಬ್ಬುತಗ್ಗು ಇಂದಿನವುಗಳಷ್ಟು ಆಳವಿಲ್ಲದ ಕಾರಣ ಒಂದು ದಪ್ಪ ಪದರವೇ ಕೋಟಿನ ಗುಂಡಿಗಳನ್ನು ನುಂಗಿಬಿಡುತ್ತದೆ. ಮಳೆಗಾಲದ ತೇವದಲ್ಲಿ ಸ್ಪ್ರೇ ಹೊಡೆದರೆ ಬಣ್ಣ ಮಂಜುಗಟ್ಟಿದಂತಾಗುವುದರಿಂದ ಬಿಸಿಲಿನ ದಿನಕ್ಕೆ ಕಾಯುವುದು ಲೇಸು. ವಾಟರ್ಲೂವಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಹ್ಯಾಲ್ಕೆಟ್‌ನ ದಳದಲ್ಲಿದ್ದ 33ನೇ ರೆಜಿಮೆಂಟಿಗೆ ಬಣ್ಣ ಹಚ್ಚುವುದಾದರೆ ಸಾಮಾನ್ಯ ಸಿಪಾಯಿಯ ಕೋಟು ಇಟ್ಟಿಗೆಯ ಮಂದ ಕೆಂಪು, ಸಾರ್ಜೆಂಟ್ ಮತ್ತು ಅಧಿಕಾರಿಗಳದ್ದು ಕಡುಗೆಂಪು. ಕಾಲರ್ ಮತ್ತು ತೋಳಿನ ಪಟ್ಟಿಯೂ ಕೆಂಪೇ. ಅದೇ ದಳದ 69ನೆಯದಕ್ಕೆ ಆ ಭಾಗಗಳು ಹಸಿರು, 30ನೆಯದಕ್ಕೆ ತಿಳಿಹಳದಿ. ಈ 33ನೇ ರೆಜಿಮೆಂಟ್ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇತ್ತು. ಆದರೆ ವಾಟರ್ಲೂ ಗೊಂಬೆಗಳ ತಲೆಯ ಮೇಲಿರುವುದು 1812ರ ಮಾದರಿಯ ಶಾಕೋ ಟೋಪಿ, ಟಿಪ್ಪುವಿನ ಕಾಲದಲ್ಲಿ ಯಾವ ಬಗೆಯ ಶಾಕೋ ಕೂಡ ಬ್ರಿಟಿಷರ ಸಾಮಾನ್ಯ ಪದಾತಿಗಳ ತಲೆಗೆ ಏರಿರಲಿಲ್ಲ. ಹಾಗಾಗಿ ಅದೇ ಗೊಂಬೆಗಳನ್ನು ಕಾವೇರಿ ದಾಟಿಸುವ ಆಸೆಯಿದ್ದರೆ ತಲೆಗಳನ್ನೇ ಬದಲಾಯಿಸಬೇಕಾಗುತ್ತದೆ.

ಬಣ್ಣ ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಎರಡು ಪದರ ಕೊಡಬೇಕು. ಅದರ ಮೇಲೆ ಮಂದ ವಾರ್ನಿಷ್ ಹಾಕುವುದು ಇಂದಿನ ಪದ್ಧತಿಯಾದರೂ ಆ ಕಾಲದ ಗೊಂಬೆಗಳಿಗೆ ಹೊಳಪೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ನಾಲ್ಕು ನಾಲ್ಕು ಸಿಪಾಯಿಗಳನ್ನು 60 ಮಿ.ಮೀ. ಅಗಲದ ಪ್ಲಾಸ್ಟಿಕ್ ಪೀಠಕ್ಕೆ ಅಂಟಿಸಿ ಅಡಿಯಲ್ಲಿ ಅಯಸ್ಕಾಂತದ ಹಾಳೆ ಹಚ್ಚಿದರೆ, ಆಡುವಾಗ ಬಯೋನೆಟ್ ಹಿಡಿದು ಎತ್ತುವ ಪ್ರಮೇಯವೇ ಬರುವುದಿಲ್ಲ. ಇಡುವುದಕ್ಕೆ ತಳದಲ್ಲಿ ತಗಡು ಹಾಸಿದ ಪಾಲಿಪ್ರೊಪಿಲೀನ್ ಡಬ್ಬಿ ಸೂಕ್ತ. ಹೊಸ ಬಣ್ಣವೂ ಒಣಗುವಾಗ ಆವಿ ಬಿಡುವುದರಿಂದ ಕೆಲವು ವಾರ ಮುಚ್ಚಳ ಹಾಕದೆ ಧೂಳು ತಗುಲದಂತೆ ತೆಳು ಬಟ್ಟೆ ಹೊದಿಸಿಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಬೇಕು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಆಷಾಢ ಶ್ರಾವಣಗಳಲ್ಲಿ ಆ ಪೊಟ್ಟಣವನ್ನು ಆಗಾಗ ಬದಲಾಯಿಸಿ, ಗೊಂಬೆಗಳ ಕಣಕಾಲುಗಳನ್ನು ಮತ್ತೊಮ್ಮೆ ಭೂತಗನ್ನಡಿಯಲ್ಲಿ ನೋಡುವುದು ಒಳಿತು. ಇನ್ನು ಮೇಜಿನ ಮೇಲೆ ಇವನ್ನು ಇಂದಿನ 28 ಮಿ.ಮೀ. ಗೊಂಬೆಗಳೊಂದಿಗೆ ಒಂದೇ ತುಕಡಿಯಲ್ಲಿ ಬೆರೆಸಿದರೆ ಕುಳ್ಳಗೆ ಕಾಣುತ್ತವೆ. ಪ್ರತ್ಯೇಕ ಬೆಟಾಲಿಯನ್ನಾಗಿ ಒಂದಡಿ ದೂರದಲ್ಲಿ ನಿಲ್ಲಿಸಿದರೆ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.