ಹಿರಿಯರ ಕರುಳಿನ ಕ್ಯಾನ್ಸರ್: ಲ್ಯಾಪರೊಸ್ಕೋಪಿಯೋ, ಹೊಟ್ಟೆ ತೆರೆಯುವುದೋ?

ಎಪ್ಪತ್ತು ದಾಟಿದ ತಂದೆಗೋ ತಾಯಿಗೋ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿದಾಗ ರಾಯಚೂರು, ಮಾನ್ವಿ, ಸಿಂಧನೂರು ಕಡೆಯ ಮನೆಗಳಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುವುದನ್ನು ನೋಡಿದ್ದೇನೆ. ‘ಈ ವಯಸ್ಸಿಗೆ ಕೊಯ್ಸೋದು ಬ್ಯಾಡ’ ಎಂದು ರೋಗಿಯನ್ನು ಊರಿಗೆ ವಾಪಸು ಕರೆದೊಯ್ಯುವುದು ಒಂದು. ಲ್ಯಾಪರೊಸ್ಕೋಪಿಯೇ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ನೋಡುತ್ತ ಮಾಡುವ ಆಪರೇಷನ್) ಆಗಬೇಕೆಂದು ಹಟ ಹಿಡಿದು ವಾರಗಟ್ಟಲೆ ಅಲೆಯುವುದು ಇನ್ನೊಂದು.

ಮೊದಲು ಕೊಲೊನೊಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ಕರುಳಿನ ಒಳಗೆ ನೋಡುವುದು), ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು), ಸಿ.ಟಿ. ಸ್ಕ್ಯಾನ್ ವರದಿಗಳನ್ನು ಒಂದೇ ಕಡತದಲ್ಲಿ ಇಡಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಜಾಹೀರಾತಿನ ಚೂರ್ಣ ಕೊಡುತ್ತ ತಿಂಗಳುಗಳನ್ನು ಕಳೆಯುವವರಿದ್ದಾರೆ; ಅಂಥ ಡಬ್ಬಿ ಮನೆಯಲ್ಲಿದ್ದರೆ ಇಂದೇ ಎಸೆಯಿರಿ.

ಎರಡನೆಯ ಹಂತವೇ ಕಠಿಣ: ವಯಸ್ಸನ್ನು ಬಿಟ್ಟು ಶಕ್ತಿಯನ್ನು ಅಳೆಯುವುದು. ಸ್ನಾನ, ನಡಿಗೆ, ಊಟ ತಾವೇ ಮಾಡಿಕೊಳ್ಳುತ್ತಾರೆಯೇ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಈಚೆಗೆ ತೂಕ ಇಳಿದಿದೆಯೇ, ಮರೆವು ಹೆಚ್ಚಿದೆಯೇ ಎಂಬುದನ್ನು ಬರೆದುಕೊಂಡು ಹೋಗಿ ಅರಿವಳಿಕೆ ವೈದ್ಯರಿಗೆ ತೋರಿಸಿ. ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಅನೇಕ ವೇಳೆ ತಲೆಯನ್ನು ಕೆಳಕ್ಕೆ ವಾಲಿಸಿ, ಹೆಚ್ಚು ಹೊತ್ತು ಕೆಲಸ ಮಾಡುವುದರಿಂದ ಆ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಮೇಲೆ ಭಾರ ಬೀಳುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ನಂತರದ ಲೆಕ್ಕ ತಿರುಗಿ ನಿಲ್ಲುತ್ತದೆ: ಉದ್ದನೆಯ ಗಾಯದ ನೋವಿಗೆ ಹೆದರಿ ಹಿರಿಯರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಹೀಗಾಗಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಗಾಯ ಚಿಕ್ಕದಾದಷ್ಟೂ ಈ ಅಪಾಯ ಕಡಿಮೆ. ಆದ್ದರಿಂದ ‘ದಮ್ಮು ಇದೆ, ಹೊಟ್ಟೆ ತೆರೆದೇ ಮಾಡಲಿ’ ಎಂದು ಮನೆಯವರೇ ನಿರ್ಧರಿಸಬಾರದು.

ಚಿಕ್ಕ ಗಾಯವಾದರೆ ಕ್ಯಾನ್ಸರ್ ಪೂರ್ತಿ ಹೋಗುವುದಿಲ್ಲವೆಂಬ ಅಂಜಿಕೆಯೂ ಬೇಡ. 872 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ರೋಗ ಮರುಕಳಿಸುವ ಪ್ರಮಾಣ ಎರಡೂ ವಿಧಾನಗಳಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಇದು ದೊಡ್ಡ ಕರುಳಿನ ಮಾತು. ಗುದನಾಳದ ಗಡ್ಡೆಯಾದರೆ ವಿಷಯ ಅಷ್ಟು ಸರಳವಲ್ಲ. ಇನ್ನು ‘ಕೊಯ್ಯದೆ ಮಾಡುತ್ತಾರೆ’ ಎನ್ನುವುದು ತಪ್ಪು ತಿಳಿವಳಿಕೆ, ಗಡ್ಡೆಯಿರುವ ಕರುಳನ್ನು ಹೊರತೆಗೆಯಲು ಕೆಲವು ಸೆಂಟಿಮೀಟರ್ ಸೀಳಲೇಬೇಕು.

ಮೂರನೆಯದಾಗಿ, ಇಂಥ ಆಪರೇಷನ್‌ಗಳನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಸರ್ಜನ್‌ರನ್ನು ಸಂಕೋಚವಿಲ್ಲದೆ ಕೇಳಿ. ಲ್ಯಾಪರೊಸ್ಕೋಪಿಯಲ್ಲಿ ಕೈ ಪಳಗದವರಿಗಿಂತ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನುರಿತವರನ್ನೇ ನಾನು ಆರಿಸುತ್ತೇನೆ. ಹಿಂದಿನ ಆಪರೇಷನ್‌ನಿಂದ ಕರುಳು ಅಂಟಿಕೊಂಡಿದ್ದರೆ ನಡುವೆಯೇ ಹೊಟ್ಟೆ ತೆರೆಯಬೇಕಾಗಬಹುದು. ಅದು ಸೋಲಲ್ಲ, ಅದಕ್ಕೂ ಮೊದಲೇ ಒಪ್ಪಿಗೆ ಕೊಟ್ಟಿರಿ. ಕರುಳು ಕಟ್ಟಿಕೊಂಡೋ ಒಡೆದೋ ತುರ್ತಾಗಿ ಬಂದವರಿಗೆ ಬಹುಪಾಲು ತೆರೆದ ವಿಧಾನವೇ ಗತಿ, ಆಗ ವಾದಿಸುತ್ತ ಕೂರಬೇಡಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಆಪರೇಷನ್ ದಿನಾಂಕ ಗೊತ್ತಾದಂದಿನಿಂದಲೇ ಬೀಡಿ, ತಂಬಾಕು ನಿಲ್ಲಿಸಿ, ರಾಯಚೂರಿನ ಬಿಸಿಲು ಏರುವ ಮೊದಲು ನಡೆಸಿ, ಮೂರು ಚೆಂಡಿನ ಉಸಿರಾಟದ ಸಾಧನವನ್ನು ಅಭ್ಯಾಸ ಮಾಡಿಸಿ. ದುಬಾರಿ ಪ್ರೋಟೀನ್ ಪುಡಿಗಿಂತ ಮೊಟ್ಟೆ, ಬೇಳೆ, ಮೊಸರು ಮೇಲು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ವೈದ್ಯರು ಹೇಳದೆ ನಿಲ್ಲಿಸಬೇಡಿ. ಯಾವ ವಿಧಾನವಾದರೂ ಸಾಮಾನ್ಯವಾಗಿ ಮರುದಿನವೇ ಅವರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುತ್ತಾರೆ. ‘ಪಾಪ, ಮಲಗಿರಲಿ ಬಿಡಿ’ ಎನ್ನುವ ಬಂಧುಗಳನ್ನು ಆ ಹೊತ್ತಿನಲ್ಲಿ ವಾರ್ಡಿನ ಹೊರಗೆ ಕೂರಿಸಿ.