ಮೌಸ್ ಪಕ್ಕಕ್ಕಿಟ್ಟು ಗೈರೊದಲ್ಲಿ ಗುರಿ ಹಿಡಿದಾಗ: ನನ್ನ ಅನುಭವ

ಗುಂಡು ಹೊಡೆಯುವ ವಿಡಿಯೊ ಗೇಮ್‌ಗಳಿಗೆ (ಶೂಟರ್) ಮೌಸ್ ಒಳ್ಳೆಯದೋ ಕಂಟ್ರೋಲರ್ ಒಳ್ಳೆಯದೋ ಅಂತ ಜಗಳವಾಡುವಾಗ ಎಲ್ಲರೂ ಮೌಸನ್ನು ಕಂಟ್ರೋಲರ್ ಮೇಲೆ ಹೆಬ್ಬೆರಳಿನಿಂದ ತಳ್ಳುವ ಸ್ಟಿಕ್ ಜೊತೆ ಹೋಲಿಸುತ್ತಾರೆ. ಆದರೆ ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್, ಸ್ವಿಚ್‌ನ ಪ್ರೊ ಕಂಟ್ರೋಲರ್, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಇವೆಲ್ಲದರೊಳಗೆ ಗೈರೊ, ಅಂದರೆ ತಿರುಗುವಿಕೆ ಅಳೆಯುವ ಸೆನ್ಸರ್ ಇದೆ. ಕಂಟ್ರೋಲರ್ ತಿರುಗಿಸಿದರೆ ಗುರಿಯೂ ತಿರುಗುತ್ತದೆ. ವರ್ಷಗಟ್ಟಲೆ ಮೌಸ್‌ನಲ್ಲೇ ಶೂಟರ್ ಆಡಿದವನು ನಾನು. ಈಗ ಒಬ್ಬನೇ ಆಡುವ ಗೇಮ್‌ಗಳೆಲ್ಲ ಗೈರೊದಲ್ಲೇ. ನನ್ನ ಪ್ರಕಾರ ಮೌಸ್ ಮತ್ತು ಗೈರೊ ಒಂದೇ ಜಾತಿಯವು. ಸ್ಟಿಕ್ ಮಾತ್ರ ಬೇರೆ.

ಕಾರಣ ಸರಳ. ಸ್ಟಿಕ್ ಹೇಳುವುದು ವೇಗವನ್ನು. ಎಷ್ಟು ತಳ್ಳಿದಿರೋ ಅಷ್ಟು ಜೋರಾಗಿ ಗುರಿ ತಿರುಗುತ್ತಲೇ ಇರುತ್ತದೆ, ಸರಿಯಾದ ಕ್ಷಣಕ್ಕೆ ನೀವೇ ನಿಲ್ಲಿಸಬೇಕು. ಮೌಸ್ ಮತ್ತು ಗೈರೊದಲ್ಲಿ ಕೈ ನಿಂತರೆ ಗುರಿಯೂ ನಿಂತಿತು. ಕರೆಂಟ್ ಹೋದಾಗ ಟಾರ್ಚ್ ಬೆಳಕನ್ನು ಬೇಕಾದ ಕಡೆ ಬಿಡುವುದನ್ನು ಯಾರೂ ಕಲಿಸಬೇಕಿಲ್ಲ ಅಲ್ವಾ? ಗೈರೊ ಹಾಗೇ.

ಮೋಷನ್ ಕಂಟ್ರೋಲ್ ಅಂದರೆ ಕೆಲವರಿಗೆ 2006ರ ನಿಂಟೆಂಡೊ ವೀ ಕನ್ಸೋಲ್‌ನ ರಿಮೋಟ್ ನೆನಪಾಗುತ್ತದೆ. ಅದು ಬೇರೆ. ಟಿವಿ ಬಳಿ ಇಟ್ಟ ಪಟ್ಟಿಯ ಇನ್‌ಫ್ರಾರೆಡ್ ಬೆಳಕನ್ನು ರಿಮೋಟ್‌ನ ಕ್ಯಾಮೆರಾ ನೋಡಬೇಕಿತ್ತು, ನೀವು ಟಿವಿಯತ್ತಲೇ ತೋರಿಸಬೇಕಿತ್ತು. 2015ರಲ್ಲಿ ನಿಂಟೆಂಡೊದ ಮುಂದಿನ ಕನ್ಸೋಲ್ 'ವೀ ಯು'ಗೆ ಬಂದ ಸ್ಪ್ಲಾಟೂನ್ ಗೇಮ್ ಸರಿಯಾದ ದಾರಿ ಹಿಡಿಯಿತು. ದೊಡ್ಡ ತಿರುವಿಗೆ ಸ್ಟಿಕ್, ನಿಖರ ಗುರಿಗೆ ಗೈರೊ.

ಪಿಸಿಯಲ್ಲಿ ನಾನು ಸ್ಟೀಮ್ ಗೇಮ್ ಆ್ಯಪ್‌ನ ಕಂಟ್ರೋಲರ್ ಸೆಟ್ಟಿಂಗ್ ಆದ ಸ್ಟೀಮ್ ಇನ್‌ಪುಟ್ ಬಳಸುತ್ತೇನೆ. ಗೈರೊ ಚಲನೆಯನ್ನು ಅದು ಮೌಸ್ ಚಲನೆಯಾಗಿ ಗೇಮ್‌ಗೆ ಕಳಿಸುತ್ತದೆ. ಸೆನ್ಸಿಟಿವಿಟಿ, ಅಂದರೆ ಕೈ ಎಷ್ಟು ಚಲಿಸಿದರೆ ಗುರಿ ಎಷ್ಟು ತಿರುಗಬೇಕು ಅನ್ನುವ ಲೆಕ್ಕವನ್ನು ಮಾತ್ರ ಹೊಸದಾಗಿ ಕಲಿಯಬೇಕು. ಕೌಂಟರ್-ಸ್ಟ್ರೈಕ್‌ನಲ್ಲಿ 800 ಡಿಪಿಐ (ಒಂದು ಇಂಚು ಸರಿಸಿದರೆ 800 ಹೆಜ್ಜೆ ಎಣಿಸುವ) ಮೌಸ್, ಸೆನ್ಸಿಟಿವಿಟಿ 1 ಇದ್ದರೆ ಒಂದು ಪೂರ್ತಿ ಸುತ್ತಿಗೆ ಸುಮಾರು 52 ಸೆಂ.ಮೀ. ಮೌಸ್ ಸರಿಸಬೇಕು. ಗೈರೊದಲ್ಲಿ ಸೆಂಟಿಮೀಟರ್ ಲೆಕ್ಕ ಬರುವುದಿಲ್ಲ, ಅನುಪಾತ ನೋಡಬೇಕು. ಕಂಟ್ರೋಲರ್ 10 ಡಿಗ್ರಿ ತಿರುಗಿಸಿದಾಗ ಗೇಮ್‌ನಲ್ಲಿ 30 ಡಿಗ್ರಿ ತಿರುಗಿದರೆ ಅದು 3 ಪಟ್ಟು. ನಾನು 2ರಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾ 4ಕ್ಕೆ ಬಂದೆ. ಅದಕ್ಕಿಂತ ಜಾಸ್ತಿಯಾದರೆ ಕೈಯ ಸಣ್ಣ ನಡುಕವೂ ಪರದೆ ಮೇಲೆ ಕಾಣುತ್ತದೆ.

ಇನ್ನೊಂದು ಅಗತ್ಯ, ಗೈರೊ ನಿಲ್ಲಿಸುವ ಬಟನ್. ಮ್ಯಾಟ್ ಮುಗಿದಾಗ ಮೌಸ್ ಎತ್ತಿ ಮಧ್ಯಕ್ಕೆ ಇಡುತ್ತೇವಲ್ಲ, ಇಲ್ಲೂ ಅದು ಬೇಕು. ಬಟನ್ ಒತ್ತಿ ಹಿಡಿದು ಕೈ ನೇರ ಮಾಡಿಕೊಂಡು ಬಿಟ್ಟರಾಯಿತು. ಇದಿಲ್ಲದೆ ಗೈರೊ ಆಡಿ "ಕೈ ಸೊಟ್ಟಗಾಯಿತು" ಅಂತ ಬಿಟ್ಟವರನ್ನು ನೋಡಿದ್ದೇನೆ. ಸ್ಟೀಮ್ ಡೆಕ್‌ನಲ್ಲಿ ಬಲಗಡೆ ಸ್ಟಿಕ್ ಮೇಲೆ ಹೆಬ್ಬೆರಳಿಟ್ಟಾಗ ಮಾತ್ರ ಗೈರೊ ಓಡುವಂತೆಯೂ ಮಾಡಬಹುದು. ಗುರಿ ತಾನಾಗೇ ಜಾರತೊಡಗಿದರೆ ಕಂಟ್ರೋಲರನ್ನು ಅಲುಗದಂತೆ ಮೇಜಿನ ಮೇಲಿಟ್ಟು ಸೆಟ್ಟಿಂಗ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿ, ಅಂದರೆ ಸೆನ್ಸರ್‌ನ ಸೊನ್ನೆ ಸರಿಪಡಿಸಿ.

ಕೈಯನ್ನು ಅಷ್ಟೊಂದು ತಿರುಗಿಸಲಾಗದು, ಹಾಗಾದರೆ ಗೈರೊದಲ್ಲಿ ಪೂರ್ತಿ ಹಿಂದೆ ತಿರುಗುವುದು ಹೇಗೆ ಅನ್ನುವ ಪ್ರಶ್ನೆಗೆ ನನಗೆ ಸಿಕ್ಕ ಚಂದದ ಉತ್ತರ ಫ್ಲಿಕ್ ಸ್ಟಿಕ್. ಇದನ್ನು ರೂಪಿಸಿದ್ದು ಜಿಬ್ ಸ್ಮಾರ್ಟ್ ಅನ್ನುವ ಡೆವಲಪರ್. 2022ರಲ್ಲಿ ಫೋರ್ಟ್‌ನೈಟ್‌ಗೂ ಬಂತು. ಸ್ಟಿಕ್ಕನ್ನು ಯಾವ ದಿಕ್ಕಿಗೆ ತಳ್ಳಿದರೆ ಆ ದಿಕ್ಕಿಗೆ ಪಾತ್ರ ತಕ್ಷಣ ತಿರುಗುತ್ತದೆ. ಹಿಂದಕ್ಕೆ ತಳ್ಳಿದರೆ 180 ಡಿಗ್ರಿ. ಮೇಲೆ ಕೆಳಗೆ ನೋಡುವ ಕೆಲಸವೆಲ್ಲ ಗೈರೊದ್ದು. ಒಗ್ಗಲು ಟೈಮ್ ಬೇಕು, ಒಗ್ಗಿದ ಮೇಲೆ ಬಿಡಲು ಮನಸ್ಸಾಗುವುದಿಲ್ಲ.

ಇನ್ನು ನೇರ ಹೋಲಿಕೆ. ಹತ್ತಿರ ಓಡಾಡುವ ಶತ್ರುವಿನ ಮೇಲೆ ಗುರಿ ಬಿಡದೆ ಹಿಂಬಾಲಿಸುವುದರಲ್ಲಿ ನನಗೆ ಎರಡೂ ಸಮ. ದೂರದ ತಲೆಗೆ ಒಂದೇ ಗುಂಡು ಹೊಡೆಯಬೇಕಾದಾಗ ಮೌಸ್ ಗೆಲ್ಲುತ್ತದೆ. ಮೌಸ್ ಮೇಜಿನ ಮೇಲೆ ಕೂತಿರುತ್ತದೆ, ಮ್ಯಾಟ್‌ನ ಘರ್ಷಣೆ ಕೈಯನ್ನು ತಡೆದು ನಿಲ್ಲಿಸುತ್ತದೆ. ಕಂಟ್ರೋಲರ್ ಗಾಳಿಯಲ್ಲಿದೆ. ಟ್ರಿಗರ್ ಎಳೆದಾಗಲೂ ಅದು ಸ್ವಲ್ಪ ಅಲುಗುತ್ತದೆ. ಹಾಗಾಗಿ ಟ್ರಿಗರ್ ಪೂರ್ತಿ ಒತ್ತುವ ಮೊದಲೇ ಗುಂಡು ಹಾರುವಂತೆ ಸೆಟ್ ಮಾಡಿದ್ದೇನೆ, ಮೊಣಕೈ ತೊಡೆಗೆ ಊರುತ್ತೇನೆ. ನಡುಕ ಮರೆಸಲು ಡೆಡ್‌ಝೋನ್ (ಸಣ್ಣ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮಿತಿ) ಏರಿಸುವುದು ನನಗೆ ಇಷ್ಟವಿಲ್ಲ. ಕೂದಲೆಳೆಯಷ್ಟು ಗುರಿ ತಿದ್ದುವುದೇ ಆಗ ಸತ್ತುಹೋಗುತ್ತದೆ.

ಓಡಾಟದಲ್ಲಿ ಕಂಟ್ರೋಲರ್ ಮುಂದೆ. ಡಬ್ಲ್ಯೂ, ಎ, ಎಸ್, ಡಿ ಕೀಗಳಲ್ಲಿ ಎಂಟೇ ದಿಕ್ಕು. ಸ್ಟಿಕ್‌ನಲ್ಲಿ ಯಾವ ಕೋನವಾದರೂ ಸರಿ, ಮೆಲ್ಲಗೂ ನಡೆಯಬಹುದು. ಆದರೆ ಆಯುಧ ಬದಲಿಸುವಾಗ ಕೀಬೋರ್ಡ್‌ಗೆ ಸಾಟಿಯಿಲ್ಲ, 1, 2, 3 ಒತ್ತಿದರೆ ಮುಗಿಯಿತು.

ಬೇಸರವಾಗುವುದು ಗೇಮ್‌ಗಳ ಬಗ್ಗೆ. ಮೌಸ್ ಮತ್ತು ಕಂಟ್ರೋಲರ್ ಸಿಗ್ನಲ್ ಒಟ್ಟಿಗೆ ಬಂದರೆ ಕೆಲವು ಗೇಮ್‌ಗಳು ತಬ್ಬಿಬ್ಬಾಗುತ್ತವೆ, ಪರದೆ ಮೇಲಿನ ಬಟನ್ ಚಿತ್ರಗಳು ಪಟಪಟ ಬದಲಾಗುತ್ತವೆ. ಆಗ ಎಡ ಸ್ಟಿಕ್ಕನ್ನೂ ಕೀಬೋರ್ಡ್ ಕೀಗಳಾಗಿ ಮಾಡಬೇಕು. ಸ್ಟಿಕ್‌ನ ಲಾಭವೇ ಹೋಯಿತು! ಎಕ್ಸ್‌ಬಾಕ್ಸ್‌ನ ಸಾಮಾನ್ಯ ಕಂಟ್ರೋಲರ್‌ನಲ್ಲಿ ಗೈರೊ ಇಲ್ಲ, ಕೊಳ್ಳುವ ಮುಂಚೆ ಗಮನಿಸಿ.

ಸ್ನೇಹಿತರ ಜೊತೆ ಕೌಂಟರ್-ಸ್ಟ್ರೈಕ್ 2 ಅಂದರೆ ಈಗಲೂ ಮೌಸೇ ಹಿಡಿಯುತ್ತೇನೆ. ಡೂಮ್ ಎಟರ್ನಲ್‌ನಂತೆ ಸದಾ ಓಡುತ್ತಾ ಹೊಡೆಯುವ ಗೇಮ್ ಆದರೆ ಗೈರೊ. ಹೊಸಬರು ಅಂಥದ್ದರಲ್ಲೇ ಶುರು ಮಾಡಿ. ಮೊದಲು ಸ್ಟಿಕ್‌ನಲ್ಲಿ ಗುರಿಯನ್ನು ಹತ್ತಿರ ತನ್ನಿ, ಕೊನೆಯ ಸ್ವಲ್ಪವನ್ನು ಮಾತ್ರ ಗೈರೊಗೆ ಬಿಡಿ.